ವಾರ್ಡಿನ ರಾತ್ರಿ, ಹಿರಿಯರ ನಿದ್ದೆ

ಹಾವೇರಿಯ ಜಿಲ್ಲಾ ಆಸ್ಪತ್ರೆಯಿರಲಿ, ರಾಣೆಬೆನ್ನೂರು, ಬ್ಯಾಡಗಿಯ ತಾಲ್ಲೂಕು ಆಸ್ಪತ್ರೆಗಳಿರಲಿ, ನ್ಯುಮೋನಿಯಾಕ್ಕೋ ಸೊಂಟದ ಮೂಳೆ ಮುರಿದೋ ದಾಖಲಾದ ಅಜ್ಜ ಎರಡನೆಯ ರಾತ್ರಿ ಸಲೈನ್ ಸೂಜಿ ಕಿತ್ತು, ಎಂದೋ ತೀರಿಕೊಂಡ ಅಣ್ಣನನ್ನು ಕೂಗಿ ಕರೆದರೆ ಮನೆಯವರು ಹೇಳುವುದು ಎರಡೇ ಮಾತು: ಗಾಳಿ ಸೋಕಿದೆ, ಇಲ್ಲವೇ ಅರವತ್ತರ ಅರಳುಮರಳು. ಎರಡೂ ತಪ್ಪು. ಮರೆವಿನ ಕಾಯಿಲೆ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಇದು ನಿನ್ನೆ ಇರಲಿಲ್ಲ, ಇವತ್ತು ಇದೆ, ಹಗಲು ತಗ್ಗಿ ಸಂಜೆಗೆ ಹೆಚ್ಚುತ್ತದೆ. ವೈದ್ಯರು ಇದನ್ನು ಡೆಲಿರಿಯಂ ಎನ್ನುತ್ತಾರೆ. ಸೋಂಕು, ನೋವು, ಮೂತ್ರ ಕಟ್ಟುವುದು, ದೇಹದಲ್ಲಿ ನೀರು ಕಡಿಮೆಯಾಗುವುದು, ಹೊಸ ಔಷಧಿ, ನಿದ್ದೆಗೇಡು ಇವುಗಳಲ್ಲಿ ಒಂದೆರಡು ಕೂಡಿದರೂ ವಯಸ್ಸಾದ ಮಿದುಳು ತಾಳ ತಪ್ಪಬಹುದು. ಕೂಗಾಟವಿಲ್ಲದ ಬಗೆಯೂ ಉಂಟು, ಅದೇ ಹೆಚ್ಚು ಕಣ್ತಪ್ಪುವುದು. "ಅಜ್ಜಿ ಆರಾಮ ಮಲಗ್ಯಾಳ" ಎಂದು ಮನೆಯವರು ನೆಮ್ಮದಿಯಾಗಿರುತ್ತಾರೆ. ಎಬ್ಬಿಸಿದರೆ ಅಜ್ಜಿ ಮಗನ ಗುರುತು ಹಿಡಿಯದೆ, ಅರ್ಧ ಮಾತಾಡಿ ಮತ್ತೆ ಮಂಪರಿಗೆ ಜಾರುತ್ತಾಳೆ. ಆಗ ಬೆಳಗಿನ ರೌಂಡ್ಸ್‌ವರೆಗೆ ಕಾಯದೆ ನರ್ಸಿಗೆ ಹೇಳಬೇಕು.

ಇನ್ನೊಂದು ನಂಬಿಕೆ ಇದಕ್ಕಿಂತ ಗಟ್ಟಿ: ಒಂದು ನಿದ್ದೆ ಗುಳಿಗೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ. ಗುಳಿಗೆಯ ಮಂಪರು ಸಹಜ ನಿದ್ದೆಯಲ್ಲ. ಡಯಾಜಿಪಾಮ್‌ನಂಥ ಔಷಧಿಗಳೂ, ನೆಗಡಿಗೆ ಕೊಡುವ ಕೆಲವು ಹಳೆಯ ಗುಳಿಗೆಗಳೂ ಹಿರಿಯರಲ್ಲಿ ಡೆಲಿರಿಯಂ ತರಿಸಬಲ್ಲವು, ಇದ್ದುದನ್ನು ಕೆರಳಿಸಬಲ್ಲವು. ಎದ್ದು ಬಿದ್ದು ಮೂಳೆ ಮುರಿಯುವ ಭಯ ಬೇರೆ. ದಿನಾ ಕುಡಿಯುವವರು ಆಸ್ಪತ್ರೆಗೆ ಬಂದು ಹಠಾತ್ತನೆ ಬಿಟ್ಟಾಗ ಬರುವ ಸನ್ನಿಗೆ ಮಾತ್ರ ಡಯಾಜಿಪಾಮ್ ಗುಂಪಿನ ಔಷಧಿ ಬೇಕೇಬೇಕು. ಕುಡಿತದ ವಿಷಯವನ್ನು ನಾಚಿಕೆಯಿಂದ ಮುಚ್ಚಿಡುವುದು ಅಪಾಯ. ಹಾಗೆಯೇ ಮನೆಯಲ್ಲಿ ವರ್ಷಗಳಿಂದ ನಿದ್ದೆ ಗುಳಿಗೆ ನುಂಗುತ್ತಿದ್ದವರು ಅದನ್ನು ತಾವಾಗಿಯೇ ಒಮ್ಮೆಲೇ ನಿಲ್ಲಿಸಬಾರದು.

ಗುಳಿಗೆ ಬೇಡವಾದರೆ ಮತ್ತೇನು? ಆಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ವೈದ್ಯೆ ಶರಾನ್ ಇನೌಯಿ ಮತ್ತು ಸಂಗಡಿಗರು 70 ವರ್ಷ ಅಥವಾ ಅದಕ್ಕೂ ಹೆಚ್ಚು ವಯಸ್ಸಿನ 852 ರೋಗಿಗಳ ಮೇಲೆ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಲಗುವ ಮುನ್ನ ಬಿಸಿ ಹಾಲು, ಬೆನ್ನು ತಿಕ್ಕುವುದು, ಮೆಲುದನಿಯ ಸಂಗೀತ, ಸದ್ದು ತಗ್ಗಿಸುವುದು ಇವನ್ನೆಲ್ಲ ಬಳಸಿದರು. ಜೊತೆಗೆ ನಡೆದಾಡಿಸಿದರು, ನೀರು ಕುಡಿಸಿದರು, ಕನ್ನಡಕ, ಕಿವಿ ಯಂತ್ರ ಕೈಗಿತ್ತರು. ಮಾಮೂಲಿ ಆರೈಕೆಯಲ್ಲಿ ಶೇ 15 ಜನರಿಗೆ ಡೆಲಿರಿಯಂ ಬಂದರೆ, ಈ ಆರೈಕೆ ಪಡೆದವರಲ್ಲಿ ಬಂದದ್ದು ಶೇ 9.9. ಎಲ್ಲವೂ ಒಟ್ಟಿಗೆ ನಡೆದದ್ದರಿಂದ ಯಶಸ್ಸನ್ನು ನಿದ್ದೆಯೊಂದರ ಲೆಕ್ಕಕ್ಕೇ ಬರೆಯಲಾಗದು, ನಿಜ. ಆದರೂ ಇವುಗಳಿಗೆ ತಗಲುವ ಖರ್ಚು, ಆಗುವ ಅಪಾಯ ಎಷ್ಟು ಕಡಿಮೆ ನೋಡಿ. ತುಂಬಿದ ವಾರ್ಡಿನಲ್ಲಿ ಮೌನ ಎಲ್ಲಿಂದ ಬರಬೇಕು, ನಡುರಾತ್ರಿ ಬಿಪಿ ನೋಡದಿದ್ದರೆ ಹೇಗೆ ಎಂಬ ಆಕ್ಷೇಪ ಸುಳ್ಳಲ್ಲ. ಗಂಭೀರ ರೋಗಿಗೆ ನೋಡಲೇಬೇಕು; ಸುಧಾರಿಸಿದವರ ತಪಾಸಣೆ, ಔಷಧಿಗಳನ್ನು ಮಲಗುವ ಮುಂಚೆ, ಎದ್ದ ಮೇಲೆ ಹೊಂದಿಸಬಹುದೇ ಎಂದು ವೈದ್ಯರನ್ನು ಕೇಳಲು ಅಡ್ಡಿಯೇನು? ಜೊತೆಗಿರುವವರ ಮೊಬೈಲಿನ ಸದ್ದಂತೂ ನಮ್ಮ ಕೈಯಲ್ಲೇ ಇದೆ. ಊರಿಂದ ಮಾತಾಡಿಸಲು ಬರುವ ಬೀಗರನ್ನು ತಡೆಯಬೇಕಿಲ್ಲ, ಹಗಲು ಬರಲಿ: ಅವರೊಡನೆ ಮಾತಾಡುತ್ತಾ ಕಿಟಕಿಯ ಬೆಳಕಲ್ಲಿ ಎದ್ದು ಕೂತ ಅಜ್ಜ ಹಗಲೆಲ್ಲ ತೂಕಡಿಸುವುದು ತಪ್ಪುತ್ತದೆ, ರಾತ್ರಿ ನಿದ್ದೆ ತಾನಾಗಿ ಹತ್ತುವ ಸಂಭವ ಹೆಚ್ಚು.