ಚಾವಡಿಗೆ ಬಂದ ಜಪಾನೀ ಡೋಲು

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಮನೆಯ ಚಾವಡಿಗೆ ಹೊಸ ವಾದ್ಯವೊಂದರ ಆಗಮನವಾಯಿತು. ವಾದ್ಯವೆನ್ನೋಣವೆಂದರೆ ಅದರಲ್ಲಿ ಚರ್ಮವಿಲ್ಲ, ಶ್ರುತಿಯಿಲ್ಲ. ಆಟಿಕೆಯೆನ್ನೋಣವೆಂದರೆ ಅದರ ಬೆಲೆ ಆಟಿಕೆಯದಲ್ಲ. ದುಬಾಯಿಯಲ್ಲಿ ಉದ್ಯೋಗದಲ್ಲಿರುವ ನಮ್ಮ ಅಳಿಯಂದಿರು ಮಗನಿಗೆಂದು ತಂದ ಪ್ಲಾಸ್ಟಿಕ್ಕಿನ ಡೋಲು ಅದು. ಜೊತೆಗೆ ಎರಡು ಕೋಲು, ಟೆಲಿವಿಷನ್ನಿಗೆ ಜೋಡಿಸುವ ನಿಂಟೆಂಡೋ ಸ್ವಿಚ್ ಎಂಬ ಯಂತ್ರ, ಅದರೊಳಗೆ ‘ತೈಕೋ ನೋ ತತ್ಸುಜಿನ್’ ಎಂಬ ಆಟ. ಡೋಲಿನಲ್ಲಿ ನಿಪುಣನಾದವನು ಎಂಬುದು ಆ ಜಪಾನೀ ಮಾತಿನ ಅರ್ಥ.

ಹದಿನೈದು ದಿನಗಳು ಕಳೆಯುವುದರೊಳಗೆ ಮಗಳು ನಮ್ಮ ಬಳಿ ಬಂದು ಕುಳಿತಳು. “ಅಪ್ಪಾ, ಇವನು ಇನ್ನು ಆದಿತ್ಯವಾರದ ಮದ್ದಳೆ ಪಾಠಕ್ಕೆ ಹೋಗುವುದಿಲ್ಲವಂತೆ. ಅಲ್ಲಿಯೂ ಬಡಿಯುವುದು, ಇಲ್ಲಿಯೂ ಬಡಿಯುವುದು, ಇಲ್ಲಾದರೆ ಬೈಯುವವರಿಲ್ಲ ಎನ್ನುತ್ತಾನೆ. ಇದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕೋ ಬೇಡವೋ, ನೀವೇ ಹೇಳಿ” ಎಂದಳು.

ಹತ್ತು ವರ್ಷದ ಹುಡುಗನ ಈ ತರ್ಕವನ್ನು ಕೇಳಿ ನಗು ಬಂದರೂ ವಿಷಯ ನಗುವಂತಹದಾಗಿರಲಿಲ್ಲ. ನಮ್ಮ ಮೊಮ್ಮಗ ಓದುವುದು ಇಂಗ್ಲಿಷ್ ಮಾಧ್ಯಮದಲ್ಲಿ. ಬೀದಿಯಲ್ಲಿ ಗೆಳೆಯರೊಡನೆ ಆಡುವುದು ಮಲಯಾಳದಲ್ಲಿ. ಕನ್ನಡವೆಂಬುದು ಊಟದ ಹೊತ್ತಿನ ಮಾತು. ಅದನ್ನು ಮೀರಿದ ಕನ್ನಡ ಅವನ ಕಿವಿಗೆ ಬೀಳುತ್ತಿದ್ದುದು ಮದ್ದಳೆ ಪಾಠದ ಆ ಒಂದೂವರೆ ಗಂಟೆಯಲ್ಲಿ ಮಾತ್ರ. ಪದ್ಯದ ಮಾತು ತಿಳಿಯದೆ ಬಿಡ್ತಿಗೆ ಎಲ್ಲಿ, ಮುಕ್ತಾಯ ಎಲ್ಲಿ ಎಂಬುದು ತಿಳಿಯುವುದಿಲ್ಲವಾದ್ದರಿಂದ, ಪಾಠ ಹೇಳುವವರು ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳ ಪದ್ಯಗಳನ್ನು ಬಿಡಿಸಿ ಹೇಳಿಯೇ ಕೈಗೆ ಕೆಲಸ ಕೊಡುತ್ತಿದ್ದರು. ಆ ಬಾಗಿಲು ಮುಚ್ಚಿದರೆ ಪುನಃ ತೆರೆಯುವುದು ಸುಲಭವಲ್ಲ. ಆದುದರಿಂದ ತೀರ್ಪು ಕೊಡುವ ಮೊದಲು ಆಟವನ್ನು ತಿಳಿದುಕೊಳ್ಳೋಣವೆಂದು ನಿಶ್ಚಯಿಸಿ, ಮೊಮ್ಮಗನನ್ನೇ ಗುರುವಾಗಿ ಸ್ವೀಕರಿಸಿದೆವು.

ಆಟದ ಕ್ರಮ ಹೀಗಿದೆ. ಹಾಡು ಮೊದಲಾದೊಡನೆ ಪರದೆಯ ಬಲಗಡೆಯಿಂದ ಎಡಗಡೆಗೆ ಕೆಂಪು ಮತ್ತು ನೀಲಿ ಬಣ್ಣದ ಉರುಟು ಬಿಲ್ಲೆಗಳು ಸಾಲಾಗಿ ಹರಿದು ಬರುತ್ತವೆ. ಎಡಗಡೆಯ ಗುರುತಿನ ಮೇಲೆ ಕೆಂಪು ಬಂದಾಗ ಡೋಲಿನ ಮುಖಕ್ಕೆ, ನೀಲಿ ಬಂದಾಗ ಅಂಚಿಗೆ ಏಟು ಕೊಡಬೇಕು. ಮುಖದ ಏಟಿಗೆ ‘ಡೋನ್’, ಅಂಚಿನ ಏಟಿಗೆ ‘ಕಾ’ ಎಂದು ಹೆಸರು. ಬಿಲ್ಲೆ ದೊಡ್ಡದಾಗಿದ್ದರೆ ಎರಡು ಕೈಗಳಿಂದಲೂ ಹೊಡೆಯಬೇಕು. ಸರಿಯಾದ ಏಟಿಗೆ ಮೇಲಿನ ಅಳತೆಪಟ್ಟಿ ತುಂಬುತ್ತಾ ಹೋಗುತ್ತದೆ. ಹಾಡು ಮುಗಿಯುವಾಗ ಅದು ಗುರುತನ್ನು ದಾಟಿದ್ದರೆ ಗೆಲವು. ನಡುವೆ ಎಷ್ಟು ತಪ್ಪಿದರೂ ಹಾಡು ನಿಲ್ಲುವುದಿಲ್ಲ. ಇದು ನಮಗೆ ಹಿಡಿಸಿತು. ಮೊದಲ ಹಾಡಿನಲ್ಲಿ ನಮ್ಮ ಅಳತೆಪಟ್ಟಿ ಕಾಲು ಭಾಗವೂ ತುಂಬಲಿಲ್ಲ. “ಅಜ್ಜಾ, ಪರವಾಗಿಲ್ಲ, ಸೋತವರೂ ಪುನಃ ಬಾರಿಸಬಹುದು” ಎಂದು ಮೊಮ್ಮಗ ಸಮಾಧಾನ ಹೇಳಿದ. ಮದ್ದಳೆಯ ಪಾಠದಲ್ಲಿ ಅವನಿಗೆ ಈ ಸಮಾಧಾನ ಸಿಕ್ಕಿರಲಿಲ್ಲವೋ ಏನೋ ಎಂಬ ಯೋಚನೆ ಆಗ ನಮಗೆ ಬಾರದಿರಲಿಲ್ಲ.

ಈ ಜಾತಿಯ ಆಟಗಳು ನಿನ್ನೆ ಮೊನ್ನೆ ಹುಟ್ಟಿದವುಗಳಲ್ಲ. 1996ರಲ್ಲಿ ಜಪಾನಿನಲ್ಲಿ ‘ಪರಪ್ಪಾ ದ ರ್‍ಯಾಪರ್’ ಎಂಬ ಆಟ ಬಂದಿತು. ಹಾಡುವ ನಾಯಿಮರಿಯೊಂದು ಅದರ ನಾಯಕ. 1998ರಲ್ಲಿ ಕೊನಾಮಿ ಕಂಪೆನಿಯು ಕಾಲಿನಿಂದ ಬಾಣದ ಗುರುತುಗಳನ್ನು ತುಳಿಯುವ ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಶನ್’ ಎಂಬ ಯಂತ್ರವನ್ನು ಪೇಟೆಯ ಆಟದಂಗಡಿಗಳಲ್ಲಿ ಇರಿಸಿತು. ಮಕ್ಕಳ ಮೈ ಬೊಜ್ಜಿಗೆ ಇದು ಮದ್ದಾದೀತೆಂದು ಅಮೆರಿಕದ ಪಶ್ಚಿಮ ವರ್ಜೀನಿಯಾ ರಾಜ್ಯವು 2006ರಲ್ಲಿ ಅದನ್ನು ತನ್ನ ಸರಕಾರಿ ಶಾಲೆಗಳಿಗೆ ತರಲು ಮುಂದಾದುದೂ ಉಂಟು. ನಮ್ಮ ಚಾವಡಿಯ ಡೋಲಿನ ಆಟ 2001ರಲ್ಲಿ ನಾಮ್ಕೋ ಕಂಪೆನಿಯವರಿಂದ ಆರಂಭವಾದುದು.

ಆದರೆ ಲೋಕದಾದ್ಯಂತ ಹೆಸರಾದುದು 2005ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಗಿಟಾರ್ ಹೀರೋ’. ಐದು ಬಣ್ಣದ ಗುಂಡಿಗಳುಳ್ಳ ಪ್ಲಾಸ್ಟಿಕ್ ಗಿಟಾರನ್ನು ಕೊರಳಿಗೆ ತೂಗುಹಾಕಿಕೊಂಡು, ಒಂದು ಕೈಯಲ್ಲಿ ಗುಂಡಿ ಒತ್ತಿ, ಇನ್ನೊಂದರಿಂದ ಮೀಟುಪಟ್ಟಿಯನ್ನು ಅಲುಗಿಸಬೇಕು. ಸುಲಭದ ಮೆಟ್ಟಿಲಲ್ಲಿ ಮೂರೇ ಗುಂಡಿ, ಮುಂದಿನದರಲ್ಲಿ ನಾಲ್ಕು, ಕಠಿಣದಲ್ಲಿ ಐದೂ. ತಪ್ಪಿದರೆ ಹಾಡಿನೊಳಗಿನ ಗಿಟಾರಿನ ದನಿಯೇ ಮಾಯವಾಗುತ್ತದೆ. ತಪ್ಪು ಹೆಚ್ಚಾದರೆ ಪರದೆಯೊಳಗಿನ ಸಭಿಕರು ಗೇಲಿಮಾಡಿ ಹಾಡನ್ನು ಅರ್ಧಕ್ಕೇ ನಿಲ್ಲಿಸಿಬಿಡುತ್ತಾರೆ. ಎಳೆಯ ಮಕ್ಕಳಿಗೆ ಈ ಗೇಲಿ ಬೇಕೇ ಎಂಬುದು ನಮ್ಮ ಸಂದೇಹ. ಅದಕ್ಕಿಂತಲೂ ಮುಖ್ಯವಾದುದು ಹಾಡುಗಳ ಸಂಗತಿ. ದೊಡ್ಡವರ ರಾಕ್ ಸಂಗೀತದಿಂದ ಆಯ್ದವುಗಳಾದ್ದರಿಂದ, ಸಾಹಿತ್ಯದ ಕಾರಣಕ್ಕಾಗಿಯೇ ಅಮೆರಿಕದ ದರ್ಜೆ ನೀಡುವ ಮಂಡಳಿಯು ಅದಕ್ಕೆ ‘ಟಿ’ ಅಕ್ಷರವನ್ನು ಕೊಟ್ಟಿತ್ತು. ಎಂದರೆ ಹದಿಮೂರು ದಾಟಿದವರಿಗೆ. ಈ ಮಂಡಳಿ 1994ರಲ್ಲಿ ಸ್ಥಾಪನೆಯಾದುದು. ಅದರ ‘ಇ’ ಎಂದರೆ ಎಲ್ಲರಿಗೂ ಆಗಬಹುದು, ‘ಇ’ಯೊಡನೆ 10 ಇದ್ದರೆ ಹತ್ತು ವರ್ಷ ಮೇಲ್ಪಟ್ಟವರಿಗೆ, ‘ಎಂ’ ಎಂದರೆ ಹದಿನೇಳು ಮೇಲ್ಪಟ್ಟವರಿಗೆ. ನಮ್ಮಲ್ಲಿ ಫೋನಿನ ಆಟಗಳಿಗಾದರೆ ಅಂಗಡಿಯ ಪುಟದಲ್ಲಿಯೇ 3, 7, 12 ಎಂಬ ವಯಸ್ಸಿನ ಅಂಕೆ ಕಾಣಿಸುತ್ತದೆ. ಆ ಅಂಕೆಯನ್ನು ನೋಡುವ ತಂದೆತಾಯಂದಿರು ಎಷ್ಟು ಮಂದಿ? ಸಿನೆಮಾಕ್ಕೆ ಹೋಗುವಾಗ ಅರ್ಧ ಗಂಟೆ ವಿಚಾರಿಸುವವರು ಫೋನನ್ನು ಕೈಗಿಡುವಾಗ ಅರ್ಧ ನಿಮಿಷವೂ ವಿಚಾರಿಸುವುದಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ದರ್ಜೆಯು ಪೆಟ್ಟಿಗೆಯೊಳಗಿನ ಹಾಡುಗಳಿಗೆ ಮಾತ್ರ. ಅನಂತರ ಹಣ ಕೊಟ್ಟು ಒಂದೊಂದಾಗಿ ಇಳಿಸಿಕೊಳ್ಳುವ ಹಾಡುಗಳಿಗೆ ಅದು ಅನ್ವಯಿಸುವುದಿಲ್ಲವೆಂದು ಇಂತಹ ಆಟಗಳ ಪೆಟ್ಟಿಗೆಯ ಮೇಲೆಯೇ ಸಣ್ಣಕ್ಷರದಲ್ಲಿ ಮುದ್ರಿಸಿರುತ್ತಿದ್ದರು. ಸಣ್ಣಕ್ಷರವನ್ನು ಓದುವುದು ಕನ್ನಡಕ ಧರಿಸಿದ ಅಜ್ಜಂದಿರ ಕೆಲಸವಾಗಿ ಉಳಿದಿದೆ.

ಕುಟುಂಬದ ದೃಷ್ಟಿಯಿಂದ ಗಿಟಾರಿನ ಆಟಕ್ಕಿಂತ ಒಂದು ಕೈ ಮೇಲೆನಿಸುವುದು 2007ರ ‘ರಾಕ್ ಬ್ಯಾಂಡ್’. ಗಿಟಾರ್, ಬಾಸ್, ಡ್ರಮ್, ಹಾಡುಗಾರಿಕೆ ಎಂದು ನಾಲ್ವರು ಕೂಡಿ ಆಡುವ ವ್ಯವಸ್ಥೆ ಅದರಲ್ಲಿತ್ತು. ಒಬ್ಬರು ತಪ್ಪಿ ಹೊರಬಿದ್ದರೆ ಇನ್ನೊಬ್ಬರು ತಾವು ಕೂಡಿಸಿಟ್ಟ ಬಲವನ್ನು ಖರ್ಚುಮಾಡಿ ಅವರನ್ನು ಒಳತರಬಹುದು. ತಂಗಿಯನ್ನು ಉಳಿಸಲು ಅಣ್ಣ ತನ್ನ ಗಳಿಕೆಯನ್ನು ಬಿಡಬೇಕಾಗುವ ಆಟಗಳು ಎಷ್ಟಿವೆ? 2009ರಲ್ಲಿ ಅದರದೇ ಒಂದು ಮಕ್ಕಳ ರೂಪವೂ ಲೆಗೋ ಗೊಂಬೆಗಳೊಡನೆ ಬಂದಿತು. ಹಾಡುಗಳನ್ನು ಮೊಟಕುಗೊಳಿಸಿ, ಇನ್ನೂ ಸುಲಭದ ಮೆಟ್ಟಿಲೊಂದನ್ನು ಸೇರಿಸಿದ್ದರು. ಈ ವೈಭವ ಬಹುಕಾಲ ಬಾಳಲಿಲ್ಲ. 2011ರಲ್ಲಿ ಗಿಟಾರಿನ ಆಟದ ಕಂಪೆನಿಯು ಆ ಸರಣಿಯನ್ನು ನಿಲ್ಲಿಸಿತು. 2015ರಲ್ಲಿ ಪುನಃ ಹೊಸರೂಪದಲ್ಲಿ ಬಂದಾಗ ಅದರ ಬಹುಪಾಲು ಹಾಡುಗಳು ದೂರದ ಯಂತ್ರದಿಂದ ಹರಿದು ಬರುವಂತಹವಾಗಿದ್ದು, 2018ರ ಕೊನೆಯಲ್ಲಿ ಆ ಹರಿವು ನಿಂತೊಡನೆ ಕೊಂಡವರ ಕೈಯಲ್ಲಿ ಉಳಿದುದು ಕೆಲವೇ ಹಾಡುಗಳು. ಅಜ್ಜನ ಕಾಲದ ಮದ್ದಳೆಗೆ ಹೊಸ ಮುಚ್ಚಿಗೆ ಹಾಕಿಸಿದರೆ ಮೊಮ್ಮಗ ಬಾರಿಸಬಹುದು. ಇವುಗಳಿಗೆ ಆ ಭಾಗ್ಯವಿಲ್ಲ.

ಕುಣಿತದ ಆಟವಾದ ‘ಜಸ್ಟ್ ಡ್ಯಾನ್ಸ್’ 2009ರಿಂದ ಬರುತ್ತಿದೆ. ಪರದೆಯ ಮೇಲಿನ ನರ್ತಕನನ್ನು ಕನ್ನಡಿಯಂತೆ ಅನುಸರಿಸುವುದು ಅದರ ಕ್ರಮ. ಮೊದಲಿನ ಆವೃತ್ತಿಯಲ್ಲಿ ಯಂತ್ರವು ಗಮನಿಸುತ್ತಿದ್ದುದು ಬಲಗೈಯ ಹಿಡಿಯನ್ನು ಮಾತ್ರವಾದ್ದರಿಂದ, ಕುರ್ಚಿಯಲ್ಲಿ ಕುಳಿತು ಕೈಬೀಸಿ ಅಂಕ ಗಳಿಸುವ ಮಹಾನುಭಾವರೂ ಇದ್ದರು. ಆದರೂ ಮದುವೆಮನೆಯಲ್ಲಿ ನಾಲ್ಕು ಮಕ್ಕಳು ಕೂಡಿ ಬೆವರುವಷ್ಟು ಕುಣಿದರೆ ಆಕ್ಷೇಪಿಸಲು ನಮಗೆ ಕಾರಣ ತೋರುವುದಿಲ್ಲ.

ನಮಗೆ ನಿಜವಾಗಿ ಅಂಜಿಕೆಯಿರುವುದು ಫೋನಿನ ಪುಟ್ಟ ಪರದೆಯ ಮೇಲಿನ ಪಿಯಾನೋ ಆಟಗಳ ಬಗ್ಗೆ. 2014ರ ‘ಪಿಯಾನೋ ಟೈಲ್ಸ್’ನ ಬಳಿಕ ಅವು ಅಣಬೆಗಳಂತೆ ಹಬ್ಬಿವೆ. ಬಿಟ್ಟಿಯಾಗಿ ಸಿಗುತ್ತವೆ, ಆದರೆ ಹಾಡು ಹಾಡಿನ ನಡುವೆ ಜಾಹೀರಾತು, ಸೋತರೆ ಮುಂದುವರಿಸಲು ಇನ್ನೊಂದು ಜಾಹೀರಾತು, ಬೇಡವಾದರೆ ಹಣ. ಆಡುವವನು ಒಬ್ಬನೇ, ತಲೆ ತಗ್ಗಿಸಿ, ಕಿವಿಗೆ ಬಿರಡೆಯಿಟ್ಟುಕೊಂಡು. ಮನೆಯವರಿಗೆ ಹಾಡೂ ಕೇಳಿಸದು, ಮಗುವಿಗೆ ಮನೆಯವರ ಕರೆಯೂ ಕೇಳಿಸದು. ತಂದೆಯ ಖಾತೆಯಿಂದ ಹಣ ಪಾವತಿಯಾಗುವ ಗುಪ್ತಸಂಖ್ಯೆಯನ್ನು ಮಕ್ಕಳಿಗೆ ತಿಳಿಸದಿರುವುದು ಉತ್ತಮ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮಕ್ಕಳ ಕಿವಿಗೆ ಸುರಕ್ಷಿತವಾದ ಸದ್ದಿನ ಮಿತಿ ವಾರಕ್ಕೆ 40 ಗಂಟೆಯಂತೆ 75 ಡೆಸಿಬೆಲ್. ಸದ್ದು ಏರಿದಂತೆ ಗಂಟೆಗಳು ಬೇಗಬೇಗನೆ ಇಳಿಯಬೇಕು. ಅದೇ ಸಂಸ್ಥೆ 2019ರಲ್ಲಿ ಎರಡರಿಂದ ನಾಲ್ಕು ವರ್ಷದ ಮಕ್ಕಳು ಕುಳಿತು ಪರದೆ ನೋಡುವ ಹೊತ್ತು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದಿತು. ಅಪಸ್ಮಾರದ ತೊಂದರೆಯುಳ್ಳ ಮಕ್ಕಳ ಮನೆಯವರು ವೈದ್ಯರನ್ನು ಕೇಳದೆ ಮಿನುಗುವ ಬೆಳಕಿನ ಆಟಗಳನ್ನು ತರಕೂಡದು. 1997ರ ದಶಂಬರದಲ್ಲಿ ಜಪಾನಿನ ಒಂದು ಮಕ್ಕಳ ಚಿತ್ರಮಾಲೆಯಲ್ಲಿ ಕೆಂಪು-ನೀಲಿ ಬೆಳಕು ವೇಗವಾಗಿ ಮಿನುಗಿದ್ದರಿಂದ ಸುಮಾರು 685 ಮಂದಿಯನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು.

ಇನ್ನು ನಮ್ಮ ಚಾವಡಿಗೆ ಮರಳೋಣ. ಎರಡು ಆದಿತ್ಯವಾರ ಶಿಷ್ಯನನ್ನು ಕಾಣದೆ ಮದ್ದಳೆಯ ಗುರುಗಳೇ ಒಂದು ಸಂಜೆ ಮನೆಗೆ ಬಂದರು. ನಾವು ಸಂಕೋಚದಿಂದ ವಿಷಯ ತಿಳಿಸಿದೆವು. ಅವರು ಸಿಟ್ಟಾಗಲಿಲ್ಲ. ಬೆಲ್ಲ ನೀರು ಕುಡಿದು, “ಎಲ್ಲಿ ಮಾಣಿ, ಬಾರಿಸು ನೋಡುವ” ಎಂದು ಕುರ್ಚಿ ಎಳೆದು ಕುಳಿತರು.

ಹುಡುಗ ಬಾರಿಸಿದ. ಪರದೆ ಮತ್ತೆ ಮತ್ತೆ ತಪ್ಪು ತೋರಿಸುತ್ತಿತ್ತು. ಅವನ ಮುಖ ಕೆಂಪಾಯಿತು. ಗುರುಗಳು ಕಣ್ಣು ಮುಚ್ಚಿ ಕೇಳುತ್ತಿದ್ದವರು, “ತಪ್ಪು ಇವನದಲ್ಲ. ಇವನ ಏಟು ಹಾಡಿಗೆ ಸರಿಯಾಗಿ ಉಂಟು. ಚಿತ್ರವೇ ತಡವಾಗಿ ಬರುವುದು” ಎಂದರು. ಆ ದಿನ ಯಂತ್ರವನ್ನು ಹೊಸ ದೊಡ್ಡ ಟೆಲಿವಿಷನ್ನಿಗೆ ಜೋಡಿಸಿದ್ದೆವು. ಇಂತಹ ಪೆಟ್ಟಿಗೆಗಳು ಚಿತ್ರವನ್ನು ತಿದ್ದಿ ತೋರಿಸುವುದರಲ್ಲಿ ಕ್ಷಣದ ಒಂದಂಶ ಹಿಂದೆ ಬೀಳುತ್ತವೆಂದೂ, ಅದಕ್ಕೆಂದೇ ಆಟದಲ್ಲಿ ಸಮಯ ಹೊಂದಿಸುವ ಏರ್ಪಾಡು ಇದೆಯೆಂದೂ ಆಮೇಲೆ ತಿಳಿಯಿತು. ಹೊಂದಿಸಿದ ಬಳಿಕ ಅಂಕಗಳು ಏರಿದವು. ಯಂತ್ರ ತಪ್ಪೆಂದುದನ್ನು ಸರಿಯೆಂದ ಗುರುಗಳನ್ನು ಹುಡುಗ ಆ ದಿನ ನೋಡಿದ ರೀತಿಯೇ ಬೇರೆಯಾಗಿತ್ತು.

ಆದರೆ ಗುರುಗಳು ಅಲ್ಲಿಗೇ ಬಿಡಲಿಲ್ಲ. ಹೆಗಲ ಮೇಲಿದ್ದ ಬೈರಾಸನ್ನು ತೆಗೆದು ಟೆಲಿವಿಷನ್ನಿನ ಮೇಲೆ ಇಳಿಬಿಟ್ಟರು. “ಈಗ ಅದೇ ಹಾಡನ್ನು ಬಾರಿಸು” ಎಂದರು. ನಾಲ್ಕೈದು ಆವರ್ತದ ತನಕ ಎಲ್ಲವೂ ಸರಿಯಾಗಿತ್ತು. ಹಾಡಿನ ನಡುವೆ ವಾದ್ಯಗಳು ನಿಂತು ಸ್ವಲ್ಪ ಮೌನ ಬಂದಿತು ನೋಡಿ, ಅಲ್ಲಿ ಕೈ ತಬ್ಬಿಬ್ಬಾಯಿತು. ಮುಂದಿನ ಎತ್ತುಗಡೆ ಸಿಗಲೇ ಇಲ್ಲ. “ನೋಡಿಯೇ ಬಡಿಯುವುದಾದರೆ ಕೇಳುವುದು ಯಾವಾಗ?” ಎಂದು ಅವರು ಕೇಳಿದರು. ಹುಡುಗ ಉತ್ತರಿಸಲಿಲ್ಲ. ಆಮೇಲೆ ಗುರುಗಳು ಬಾಯಿತಾಳದಲ್ಲಿ ಝಂಪೆಯನ್ನು ಹಾಕಿ ಡೋಲಿನ ಅಂಚಿನಲ್ಲಿ ಹತ್ತರ ಎಣಿಕೆಯನ್ನು ತಟ್ಟಿ ತೋರಿಸಿದರು. ಆ ಆಟದಲ್ಲಿ ನಾವು ಕೇಳಿದ ಹಾಡುಗಳೆಲ್ಲ ಹೆಚ್ಚಾಗಿ ನಾಲ್ಕರ ಎಣಿಕೆಯವು. ಹತ್ತಕ್ಕೆ ಹುಡುಗನ ಕೈ ಒಗ್ಗಲಿಲ್ಲ. ಪ್ಲಾಸ್ಟಿಕ್ ಡೋಲಿನ ಮೇಲೆ ಝಂಪೆ ಕೇಳಿದುದು ನಮಗೂ ಅದೇ ಮೊದಲು.

ಆ ಸಂಜೆಯ ಬಳಿಕ ಮಗಳ ಪ್ರಶ್ನೆಗೆ ನಾವು ಕೊಟ್ಟ ಉತ್ತರ ಇದು: ಯಂತ್ರ ಮನೆಯಲ್ಲಿರಲಿ, ಚಾವಡಿಯಲ್ಲೇ ಇರಲಿ, ಕೋಣೆಯೊಳಗೆ ಹೋಗುವುದು ಬೇಡ. ಶನಿವಾರ ಸಂಜೆ ಒಂದು ಗಂಟೆ, ಮನೆಯವರು ಯಾರಾದರೊಬ್ಬರು ಇನ್ನೊಂದು ಕೋಲು ಹಿಡಿದು ಜೊತೆಗೆ ಕೂಡಬೇಕು. ಹೊಸ ಹಾಡು ಕೊಳ್ಳುವುದಿದ್ದರೆ ಮೊದಲು ದೊಡ್ಡವರು ಕೇಳಿ ಅನಂತರ. ಕಣ್ಣು-ಕೈಗಳ ಹೊಂದಿಕೆ, ಏಟಿನ ನಿಖರತೆ, ಸೋತರೂ ಪುನಃ ಕೈಯೆತ್ತುವ ಧೈರ್ಯ ಇವನ್ನು ಆಟ ಕಲಿಸಿದೆಯೆಂದು ಗುರುಗಳೇ ಒಪ್ಪಿದ್ದಾರೆ. ಶ್ರುತಿಯನ್ನಾಗಲಿ, ಮೌನದಲ್ಲಿ ತಾಳವನ್ನು ಹಿಡಿದಿಡುವುದನ್ನಾಗಲಿ ಅದು ಕಲಿಸದು. ಕನ್ನಡದ ಒಂದು ಹಾಡೂ ನಮ್ಮ ಮನೆಗೆ ಬಂದ ಆ ಯಂತ್ರದೊಳಗೆ ಇರಲಿಲ್ಲ ಎಂಬುದನ್ನೂ ಹೇಳಬೇಕು.

ಪಾಠಕ್ಕೆ ಹೋಗೆಂದು ನಾವು ಹುಡುಗನಿಗೆ ಹೇಳಲಿಲ್ಲ. ಮುಂದಿನ ಆದಿತ್ಯವಾರ ಬೆಳಗ್ಗೆ ಅವನೇ ಮದ್ದಳೆಯ ಚೀಲವನ್ನು ಅಟ್ಟದಿಂದ ಇಳಿಸುತ್ತಿದ್ದ. ಗುರುಗಳ ಬೈರಾಸು ಆ ದಿನ ಮರೆತು ನಮ್ಮಲ್ಲೇ ಉಳಿದಿತ್ತು. ಅದನ್ನು ಕೊಟ್ಟು ಬಾ ಎಂದೆವು. “ಈಗ ಬೇಡ ಅಜ್ಜಾ, ಶನಿವಾರಕ್ಕೆ ನನಗೆ ಬೇಕು” ಎಂದು ಅದನ್ನು ಮಡಚಿ ಟೆಲಿವಿಷನ್ನಿನ ಪಕ್ಕದಲ್ಲಿಟ್ಟು ಹೊರಟ.