ಜಿಂಕೆಗಳಿಗೆ ಗರ್ಭನಿರೋಧಕ ಲಸಿಕೆ: ತರಗತಿಯಲ್ಲಿ ಎದುರಾದ ಒಂದು ಪ್ರಶ್ನೆ

ಬೋಧನಾಭ್ಯಾಸದ ಅವಧಿಯಲ್ಲಿ ಹತ್ತನೇ ತರಗತಿಯ ಸಂತಾನೋತ್ಪತ್ತಿ ಪಾಠದಲ್ಲಿ ಗರ್ಭನಿರೋಧಕ ವಿಧಾನಗಳ ಭಾಗ ನನ್ನ ಪಾಲಿಗೆ ಬಂತು. ಮಕ್ಕಳು ಮುಸಿಮುಸಿ ನಗುತ್ತಾರೆ, ತಲೆ ತಗ್ಗಿಸಿ ಕೂರುತ್ತಾರೆ ಎಂಬ ಅಳುಕಿತ್ತು. ಅದಕ್ಕೇ ಅಮೆರಿಕದ ಉಪನಗರಗಳ ಬಿಳಿಬಾಲದ ಜಿಂಕೆಗಳ ಉದಾಹರಣೆಯಿಂದ ಪಾಠ ಆರಂಭಿಸಿದೆ.

ಆ ಊರುಗಳ ಸುತ್ತ ಈಗ ತೋಳಗಳಿಲ್ಲ. ಮನೆಗಳ ನಡುವೆ ಬಂದೂಕು ಹಾರಿಸುವಂತಿಲ್ಲ. ಹಿತ್ತಿಲ ಗಿಡಗಳೇ ಜಿಂಕೆಗಳಿಗೆ ಮೇವು. ಬಲಿತ ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೆ ಎರಡು ಮರಿ ಹಾಕುತ್ತದೆ. ಸಂಖ್ಯೆ ಏರಿದಂತೆ ರಸ್ತೆ ಅಪಘಾತ, ತೋಟದ ಹಾನಿ ಹೆಚ್ಚುತ್ತವೆ. ಕೊಲ್ಲುವುದನ್ನು ಅನೇಕರು ಒಪ್ಪುವುದಿಲ್ಲ. ಆದ್ದರಿಂದ ಕೆಲವೆಡೆ ಲಸಿಕೆಯನ್ನು ಪ್ರಯೋಗಿಸಿದರು.

ಲಸಿಕೆಯ ಕೆಲಸ ಹೀಗಿದೆ. ಅಂಡಾಣುವಿನ ಸುತ್ತ ತೆಳುವಾದ ಪೊರೆಯಿರುತ್ತದೆ. ವೀರ್ಯಾಣು ಮೊದಲು ಅಂಟಿಕೊಳ್ಳುವುದು ಅದಕ್ಕೇ. ಹಂದಿಯ ಅಂಡಾಣು ಪೊರೆಯಿಂದ ತೆಗೆದ ಪ್ರೋಟೀನನ್ನು ಹೆಣ್ಣು ಜಿಂಕೆಗೆ ಚುಚ್ಚಿದಾಗ ಅದರ ದೇಹದಲ್ಲಿ ಪ್ರತಿಕಾಯಗಳು ಉಂಟಾಗುತ್ತವೆ. ಇವು ಜಿಂಕೆಯ ಅಂಡಾಣುವಿನ ಪೊರೆಗೂ ಅಂಟಿಕೊಂಡು ವೀರ್ಯಾಣುವಿಗೆ ಅಡ್ಡಿಯಾಗುತ್ತವೆ, ನಿಶೇಚನ ನಡೆಯುವುದಿಲ್ಲ. ಪರಿಣಾಮ ಶಾಶ್ವತವಲ್ಲ, ಲಸಿಕೆಯನ್ನು ಮತ್ತೆ ಕೊಡುತ್ತಿರಬೇಕು.

ಇಷ್ಟು ಹೇಳಿ, "ಹೀಗೆ ಜಿಂಕೆಗಳ ಸಂಖ್ಯೆ ಕಡಿಮೆಯಾಗುತ್ತದೆ" ಎಂದು ಮುಗಿಸಿದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು: "ಮಿಸ್, ಇಂಜೆಕ್ಷನ್ ಕೊಟ್ಟ ಮೇಲೂ ಇರೋ ಜಿಂಕೆ ಇದ್ದೇ ಇರುತ್ತಲ್ಲ?"

ನನ್ನ ಪಾಠಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಮಾರ್ಗದರ್ಶಕ ಶಿಕ್ಷಕರು ಹಿಂದೆ ಕೂತು ಬರೆದುಕೊಳ್ಳುತ್ತಿದ್ದರು. "ಲೆಕ್ಕ ಮಾಡಿ ನೋಡೋಣ" ಎಂದು ಹಲಗೆಯ ಮೇಲೆ ಕಾಲ್ಪನಿಕ ಅಂಕಿಗಳನ್ನು ಬರೆದೆ. ಒಂದು ಊರಲ್ಲಿ 100 ಜಿಂಕೆಗಳಿವೆ. ವರ್ಷಕ್ಕೆ 40 ಹುಟ್ಟಿ 15 ಸತ್ತರೆ ಉಳಿಯುವುದು 125. ಅರ್ಧದಷ್ಟು ಹೆಣ್ಣುಗಳಿಗೆ ಲಸಿಕೆ ಕೊಟ್ಟು ಹುಟ್ಟು 20ಕ್ಕಿಳಿದರೂ 105. ಬಹುತೇಕ ಎಲ್ಲಕ್ಕೂ ಕೊಟ್ಟು 5 ಮರಿ ಮಾತ್ರ ಹುಟ್ಟಿದರೆ 90. ಪಕ್ಕದ ಕಾಡಿನಿಂದ 10 ಬಂದು ಸೇರಿದರೆ? "ಮತ್ತೆ ನೂರೇ!" ಎಂದು ತರಗತಿಯೇ ಕೂಗಿತು. ಆಗ ಯಾರೂ ತಲೆ ತಗ್ಗಿಸಿರಲಿಲ್ಲ.

ಲಸಿಕೆ ಹುಟ್ಟನ್ನು ತಡೆಯುತ್ತದೆ, ಇರುವ ಜಿಂಕೆಯನ್ನು ತೆಗೆಯುವುದಿಲ್ಲ. ಹುಟ್ಟಿಗಿಂತ ಸಾವು ಹೆಚ್ಚಾಗಬೇಕು, ವಲಸೆಯೂ ಕಡಿಮೆಯಿರಬೇಕು. ಆಗಲೂ ಇಳಿಕೆಗೆ ವರ್ಷಗಳೇ ಬೇಕು. ಸುತ್ತ ನೀರಿರುವ ದ್ವೀಪದಲ್ಲಿ ಹೊರಗಿನಿಂದ ಬರುವ ಜಿಂಕೆ ಕಡಿಮೆ. ನ್ಯೂಯಾರ್ಕ್ ರಾಜ್ಯದ ಫೈರ್ ಐಲೆಂಡ್‌ನಲ್ಲಿ 1993ರಿಂದ ಈ ಲಸಿಕೆಯ ಪ್ರಯೋಗ ನಡೆಯಿತು; ಹೆಚ್ಚು ಹೆಣ್ಣುಗಳಿಗೆ ಲಸಿಕೆ ತಲುಪಿದ ಕಡೆ ಸಂಖ್ಯೆ ನಿಧಾನವಾಗಿ ಇಳಿಯಿತು. ನ್ಯೂಯಾರ್ಕ್ ನಗರದ ಸ್ಟೇಟನ್ ಐಲೆಂಡ್‌ನಲ್ಲಿ 2016ರಿಂದ ಗಂಡು ಜಿಂಕೆಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದರು. ಒಂದು ಗಂಡು ಹಲವು ಹೆಣ್ಣುಗಳೊಡನೆ ಕೂಡುವುದರಿಂದ ಅಲ್ಲಿ ಹೆಚ್ಚುಕಡಿಮೆ ಎಲ್ಲ ಗಂಡುಗಳನ್ನೂ ಹಿಡಿಯಬೇಕಾಗುತ್ತದೆ.

"ಗರ್ಭನಿರೋಧಕದಿಂದ ಜನಸಂಖ್ಯೆ ಕಡಿಮೆಯಾಗುತ್ತದೆ" ಎಂಬ ಮಾತನ್ನು ನಾನೂ ಶಾಲೆಯಲ್ಲಿ ಉರು ಹೊಡೆದಿದ್ದೆ. ಅದನ್ನೇ ಮಕ್ಕಳಿಗೆ ದಾಟಿಸುತ್ತಿದ್ದೆ. ತಿದ್ದಿದ ಪಾಠಯೋಜನೆಯಲ್ಲಿ ಹುಟ್ಟು, ಸಾವು, ಒಳವಲಸೆ, ಹೊರವಲಸೆ ಎಂಬ ನಾಲ್ಕು ಪದಗಳನ್ನು ಮೊದಲು ಹಲಗೆಯ ಮೇಲೆ ಬರೆಯುತ್ತೇನೆ. ಲಸಿಕೆಯ ಮಾತು ಆಮೇಲೆ.