ಎರಡು ಮಕ್ಕಳ ಮನೆ: ರೂಪಾಯಿ ಎಷ್ಟು, ಗಂಟೆ ಎಷ್ಟು?

ನಂದಿನಿ ನೀಲಿ ಪ್ಯಾಕೆಟ್ಟಿನ ಹಾಲು 2023ರ ಜುಲೈವರೆಗೆ ಲೀಟರಿಗೆ 39 ರೂಪಾಯಿ ಇತ್ತು. ಆ ಆಗಸ್ಟ್ 1ರಂದು 42 ಆಯಿತು, 2025ರ ಏಪ್ರಿಲ್ 1ರಿಂದ 46. ಎರಡು ವರ್ಷದ್ದೊಂದು, ನಾಲ್ಕು ವರ್ಷದ್ದೊಂದು ಮಗು ಇರುವ ಮನೆಯಲ್ಲಿ ಮಕ್ಕಳ ಪಾಲಿಗೇ ದಿನಕ್ಕೆ ಒಂದು ಲೀಟರ್ ಬೇಕು ಎಂದಿಟ್ಟುಕೊಳ್ಳೋಣ. ತಿಂಗಳಿಗೆ 1,170 ರೂಪಾಯಿ ಆಗುತ್ತಿದ್ದ ಹಾಲಿನ ಬಾಬ್ತು ಎರಡು ವರ್ಷ ತುಂಬುವುದರೊಳಗೆ 1,380ಕ್ಕೆ ಬಂತು. ಶೇ 18ರಷ್ಟು ಏರಿಕೆ. ಅದೇ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ 14.2 ಕೆ.ಜಿ. ಸಿಲಿಂಡರ್ 805.50ರಿಂದ 855.50ಕ್ಕೆ ಹೋಯಿತು. ಇಂಥ ಏರಿಕೆ ಯಾವ ಮನೆಯವರಿಗೂ ಹೇಳಿಕೊಡಬೇಕಾಗಿಲ್ಲ. ಕ್ಯಾಲೆಂಡರಿನ ಹಿಂಬದಿಯಲ್ಲೋ ಮೊಬೈಲಿನಲ್ಲೋ ಎಲ್ಲರೂ ಬರೆದಿಟ್ಟುಕೊಂಡಿರುತ್ತಾರೆ.

ಯಾರೂ ಬರೆದಿಡದ ಲೆಕ್ಕವೊಂದಿದೆ. ಚಿಕ್ಕ ಮಕ್ಕಳ ಮನೆಯಲ್ಲಿ ಅಗ್ಗಕ್ಕೆ ಆಯಿತು, ಬಿಟ್ಟಿ ಸಿಕ್ಕಿತು ಅನ್ನಿಸಿಕೊಳ್ಳುವ ಪ್ರತಿಯೊಂದರ ಹಿಂದೆಯೂ ಯಾರದೋ ಗಂಟೆಗಳು ಖರ್ಚಾಗಿರುತ್ತವೆ. ಆ ಗಂಟೆಗೆ ಒಂದು ದರ ಹಾಕಿ ನೋಡೋಣ. ಕರ್ನಾಟಕದಲ್ಲಿ 2025-26ಕ್ಕೆ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ 370 ರೂಪಾಯಿ. ಎಂಟು ಗಂಟೆಗೆ ಹಂಚಿದರೆ ಗಂಟೆಗೆ 46 ರೂಪಾಯಿ 25 ಪೈಸೆ, ಅಂದರೆ ಹೆಚ್ಚುಕಡಿಮೆ ಒಂದು ಲೀಟರ್ ನೀಲಿ ಪ್ಯಾಕೆಟ್ ಹಾಲು. ಹೆಂಗಸರ ಕೆಲಸಕ್ಕೆ ಬೆಲೆ ಏರಿಸಿ ಕಟ್ಟಿದರು ಎಂಬ ಮಾತು ಬರಬಾರದೆಂದೇ ಕೆರೆ ಹೂಳೆತ್ತುವ ಕೂಲಿಯ ದರವನ್ನು ಇಲ್ಲಿ ಹಿಡಿದಿದ್ದೇನೆ.

ರಾಗಿ ಸರಿಯಿಂದ ಶುರು ಮಾಡೋಣ. ಹಳೇ ಮೈಸೂರು ಸೀಮೆಯಲ್ಲಿ ಆರು ತಿಂಗಳು ತುಂಬಿದ ಕೂಸಿಗೆ ಮೊದಲು ಬಾಯಿಗಿಡುವ ಗಟ್ಟಿ ಆಹಾರ ಇದೇ. 2025-26ರಲ್ಲಿ ರಾಗಿಯ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಆ ದರದಲ್ಲಿ ಒಂದು ಕೆ.ಜಿ.ಗೆ 49 ರೂಪಾಯಿಗೆ ಕಡಿಮೆ. ಕಲ್ಲು ಆರಿಸಿ ನಾಲ್ಕೈದು ನೀರಿನಲ್ಲಿ ತೊಳೆದು, ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಬಿಗಿದು ಕಟ್ಟಿ, ಬಿಳಿ ಮೊಳಕೆ ಇಣುಕಿದ ಮೇಲೆ ನೆರಳಿನಲ್ಲಿ ಹರವಬೇಕು. ಮಳೆಗಾಲದಲ್ಲಿ ಎರಡು ದಿನವಾದರೂ ಒಣಗದೆ ಮುಗ್ಗಲು ವಾಸನೆ ಹಿಡಿಯುವ ಭಯ ಬೇರೆ. ಒಣಗಿದ್ದನ್ನು ಸಣ್ಣ ಉರಿಯಲ್ಲಿ ಕೈಬಿಡದೆ ಹುರಿಯಬೇಕು. ಗಿರಣಿಗೆ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಬೇಕು, ಏಕೆಂದರೆ ಯಾರಾದರೂ ಮುಂಚೆ ಖಾರದ ಪುಡಿ ಬೀಸಿಸಿದ್ದರೆ ಕೂಸಿನ ಹಿಟ್ಟಿಗೆಲ್ಲ ಘಾಟು ಹತ್ತುತ್ತದೆ. ಬೀಸಿ ತಂದದ್ದನ್ನು ತೆಳು ಬಟ್ಟೆಯಲ್ಲಿ ಸೋಸಿದರೆ ಉಳಿಯುವುದು ಮುಕ್ಕಾಲು ಕೆ.ಜಿ.ಯಷ್ಟು. ನೆನೆಯುವ, ಒಣಗುವ ಹೊತ್ತು ಬಿಟ್ಟು ಬರೀ ಕೈಕೆಲಸವೇ ಮೂರು ಗಂಟೆ ಹಿಡಿಯುತ್ತದೆ. 139 ರೂಪಾಯಿ.

ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಹೊತ್ತಿಗೆ 15 ಗ್ರಾಂ ಹಿಡಿದರೆ ಆ ಮುಕ್ಕಾಲು ಕೆ.ಜಿ. 50 ಹೊತ್ತಿಗೆ ಬರುತ್ತದೆ. ಗಂಟಾಗದಂತೆ ತಿರುವುತ್ತಾ ಬೇಯಿಸಿ, ಆರಿಸಿ, ಬಟ್ಟಲಿಗೆ ಹಾಕಲು 12 ನಿಮಿಷ. ಮಡಿಲಲ್ಲಿ ಕೂರಿಸಿಕೊಂಡು, ಕಾಗೆ ತೋರಿಸಿ, ಬೆಕ್ಕು ಕರೆದು, ಉಗಿದದ್ದನ್ನು ಒರೆಸಿ ತಿನ್ನಿಸಲು ಕಡಿಮೆಯೆಂದರೂ 20 ನಿಮಿಷ. ಐವತ್ತು ಸಲಕ್ಕೆ ಬೇಯಿಸುವುದೇ 10 ಗಂಟೆ, ತಿನ್ನಿಸುವುದು 16 ಗಂಟೆ 40 ನಿಮಿಷ. ಮೊದಲಿನ ಮೂರನ್ನೂ ಕೂಡಿಸಿದರೆ 29 ಗಂಟೆ 40 ನಿಮಿಷ, 1,372 ರೂಪಾಯಿ. ಒಂದು ಹೊತ್ತಿನ ಸರಿಯಲ್ಲಿ ರಾಗಿ ಒಂದು ರೂಪಾಯಿಯದು, ಹೊತ್ತು 27 ರೂಪಾಯಿಯದು.

ಅಂಗಡಿಯ ಪ್ಯಾಕೆಟ್ ತಂದರೆ ಸುಲಭ ಅನ್ನುವವರು ಇದನ್ನು ಗಮನಿಸಬೇಕು. ಬಿಸಿನೀರಿಗೆ ಕಲಸಿದರೆ ಸಾಕು ಎನ್ನುವ ಹಿಟ್ಟು ಉಳಿಸುವುದು ಹೆಚ್ಚೆಂದರೆ 13 ಗಂಟೆ. ತಿನ್ನಿಸುವ 16 ಗಂಟೆ 40 ನಿಮಿಷವನ್ನು ಯಾವ ಪ್ಯಾಕೆಟ್ಟೂ ಉಳಿಸಿಕೊಡುವುದಿಲ್ಲ. ರಾಗಿ ಒಳ್ಳೆಯದೇ, 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ 15 ಗ್ರಾಂನಲ್ಲಿ ಸಿಗುವುದು 50 ಚಿಲ್ಲರೆ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 500 ಮಿಲಿಗ್ರಾಂ ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. ಹಾಗಾಗಿ ಸರಿ ಕುಡಿಸಿದೆ ಎಂದು ಹಾಲು ಬಿಡಿಸುವಂತಿಲ್ಲ. ಹಾಲು ಒಳ್ಳೆಯದೆಂದು ದಿನಕ್ಕೆ ಅರ್ಧ ಲೀಟರ್ ದಾಟಿ ಹೊಟ್ಟೆ ತುಂಬಿಸಿದರೆ ಊಟ ಸೇರದೆ ಮಗುವಿಗೆ ಕಬ್ಬಿಣಾಂಶದ ಕೊರತೆಯಾಗುವುದೂ ಉಂಟು.

ಲಂಗೋಟಿ ಮತ್ತು ಡೈಪರ್ ಲೆಕ್ಕ ಹೀಗಿದೆ. ದಿನಕ್ಕೆ 5 ಡೈಪರ್, ಒಂದಕ್ಕೆ 10 ರೂಪಾಯಿ ಎಂದರೂ ಎರಡು ವರ್ಷಕ್ಕೆ 3,650 ಡೈಪರ್, 36,500 ರೂಪಾಯಿ. ಬಟ್ಟೆಯ ಲಂಗೋಟಿ ಎರಡು ಡಜನ್‌ಗೆ, ಒಂದಕ್ಕೆ 50 ಹಿಡಿದರೆ 1,200. ಒಗೆದು ಒಣಹಾಕಿ ಮಡಿಸಲು ದಿನಕ್ಕೆ 20 ನಿಮಿಷವಾದರೆ ಎರಡು ವರ್ಷಕ್ಕೆ 243 ಗಂಟೆ, 11,254 ರೂಪಾಯಿ. ದಿನಕ್ಕೆ ಎರಡು ಬಕೆಟ್, 40 ಲೀಟರ್ ನೀರು ಎಂದರೆ ಒಟ್ಟು 29,200 ಲೀಟರ್. 2024ರ ಮಾರ್ಚ್‌ನ ನೀರಿನ ಬರದಲ್ಲಿ ಬೆಂಗಳೂರಿನ ಜಿಲ್ಲಾಡಳಿತ ಐದು ಕಿ.ಮೀ. ಒಳಗಿನ 6,000 ಲೀಟರ್ ಟ್ಯಾಂಕರಿಗೆ ನಿಗದಿ ಮಾಡಿದ್ದು 600 ರೂಪಾಯಿ. ಆ ದರದಲ್ಲಿ ಲಂಗೋಟಿ ನೀರಿಗೇ 2,920 ರೂಪಾಯಿ, ಹತ್ತಿರ ಹತ್ತಿರ ಐದು ಟ್ಯಾಂಕರ್. ಸೋಪು ಬಿಟ್ಟು ಒಟ್ಟು 15,374.

ಕೂಲಿ ಕಟ್ಟಿದ ಮೇಲೂ ಬಟ್ಟೆಯೇ ಅಗ್ಗ ಎಂಬುದು ಕೂಡಿಸಿ ನೋಡಿದಾಗ ಸ್ಪಷ್ಟವಾಗುತ್ತದೆ. ಆದರೆ ಒಗೆಯುವವರ ಗಂಟೆಯ ಬೆಲೆ 133 ರೂಪಾಯಿ ದಾಟಿದರೆ, ಅಂದರೆ ದಿನಕ್ಕೆ ಸಾವಿರಕ್ಕೆ ಸ್ವಲ್ಪ ಮೇಲೆ ದುಡಿಯುವ ತಾಯಿಗೆ, ಡೈಪರೇ ಕಡಿಮೆ ಖರ್ಚಿನದು. "ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು" ಎಂದು ಸೊಸೆಯ ಡೈಪರ್ ಖರ್ಚಿಗೆ ಮುಖ ಸಿಂಡರಿಸುವ ಹಿರಿಯರು ಈ 133ರ ಗೆರೆಯನ್ನು ಒಮ್ಮೆ ನೋಡಲಿ. ಅವರ ಕಾಲದಲ್ಲಿ ಆ 243 ಗಂಟೆಯನ್ನು ಬಾವಿಕಟ್ಟೆಯಲ್ಲಿ ಕಳೆದವರೂ ಅವರೇ. ಹಗಲು ಬಟ್ಟೆ, ರಾತ್ರಿಗೊಂದು ಡೈಪರ್ ಎಂಬ ನಡುದಾರಿ ಬಹಳ ಮನೆಗಳಲ್ಲಿದೆ. ರಾತ್ರಿಯದಕ್ಕೆ ಎರಡು ವರ್ಷಕ್ಕೆ 7,300 ರೂಪಾಯಿ. ಇನ್ನೊಂದು ತೂಕವನ್ನೂ ಮರೆಯಬಾರದು. ಒದ್ದೆ ಡೈಪರ್ ಒಂದಕ್ಕೆ 150 ಗ್ರಾಂ ಎಂದರೆ 3,650ಕ್ಕೆ 547 ಕೆ.ಜಿ. ಪತ್ರಿಕೆಯಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಬೇರೆ ಕೊಡಬೇಕೆಂಬ ನಿಯಮ ಬೆಂಗಳೂರಿನಲ್ಲಿರುವುದು ಅದನ್ನು ಕೈಯಲ್ಲಿ ಎತ್ತುವ ಪೌರಕಾರ್ಮಿಕರಿಗಾಗಿ.

ಬಿಟ್ಟಿಯದಕ್ಕೂ ಒಂದು ಉದಾಹರಣೆ. ಸರ್ಕಾರಿ ಲಸಿಕೆಗೆ ದುಡ್ಡಿಲ್ಲ. ಎರಡು ವರ್ಷ ತುಂಬುವುದರೊಳಗೆ, ಹುಟ್ಟಿದಾಗಿನದನ್ನು ಬಿಟ್ಟು, 6, 10, 14ನೇ ವಾರ, 9 ತಿಂಗಳು, ಮತ್ತೆ 16ರಿಂದ 24 ತಿಂಗಳೊಳಗೆ ಒಮ್ಮೆ. ಐದು ಸಲವೂ ಒಬ್ಬರ ಕೂಲಿ ಹೋದರೆ 1,850 ರೂಪಾಯಿ. ಸೂಜಿಯ ಮಾರನೆ ದಿನದ ಜ್ವರ ಇದರಲ್ಲಿ ಸೇರಿಲ್ಲ.

ಇನ್ನು ದೇಶದ ಲೆಕ್ಕ. ಕೇಂದ್ರ ಸಾಂಖ್ಯಿಕ ಇಲಾಖೆ 2019ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ ಜನ ದಿನದ 24 ಗಂಟೆಯನ್ನು ಹೇಗೆ ಕಳೆಯುತ್ತಾರೆ ಎಂದು ಕೇಳಿತು. ಎರಡನೆಯ ಸಲ 1,39,487 ಮನೆಗಳ 4,54,192 ಜನರಿಂದ ಉತ್ತರ ಬಂತು. ಬೆಳಗಿನ ಜಾವ 4ರಿಂದ ಮಾರನೆಯ ಬೆಳಗಿನ ಜಾವ 4ರವರೆಗೆ ಅರ್ಧ ಗಂಟೆಯ 48 ತುಂಡು. ಒಂದು ತುಂಡಿನಲ್ಲಿ ಹಲವು ಕೆಲಸ ನಡೆದಿದ್ದರೆ 10 ನಿಮಿಷವೋ ಹೆಚ್ಚೋ ಹಿಡಿದದ್ದನ್ನು ಮಾತ್ರ ಬರೆದುಕೊಳ್ಳುವುದು ಕ್ರಮ.

ಈ 10 ನಿಮಿಷದ ಹತ್ತಿರ ಸ್ವಲ್ಪ ನಿಲ್ಲಬೇಕು. ಬೆಳಗ್ಗೆ ಏಳೂವರೆಯಿಂದ ಎಂಟರ ತುಂಡನ್ನು ತೆಗೆದುಕೊಳ್ಳಿ. ಒಲೆಯ ಮೇಲೆ ಉಪ್ಪಿಟ್ಟಿಗೆ ಎಸರು. ಈರುಳ್ಳಿ ಅರ್ಧ ಹೆಚ್ಚುವಷ್ಟರಲ್ಲಿ "ಅಮ್ಮಾ, ಉಚ್ಚೆ". ಎತ್ತಿಕೊಂಡು ಹೋಗಿ ತೊಳೆದು ಚಡ್ಡಿ ಬದಲಿಸಿ ಬಂದರೆ ದೊಡ್ಡವನಿಗೆ ಹಾಲು ಸ್ಟೀಲ್ ಲೋಟದಲ್ಲಿ ಬೇಡ, ಹಸಿರು ಲೋಟವೇ ಬೇಕು. ಸಿಂಕಿನಲ್ಲಿದ್ದ ಹಸಿರು ಲೋಟ ತೊಳೆದು ಕೊಟ್ಟು ರವೆ ಸುರಿಯುವಾಗ ಚಿಕ್ಕದು ಚಪ್ಪಲಿ ಕಚ್ಚುತ್ತಿದೆ. ಅದನ್ನು ಕಿತ್ತಿಟ್ಟು, ಬಾಯಿ ತೊಳೆಸಿ, ಅಳು ನಿಲ್ಲಿಸಲು ಸೊಂಟಕ್ಕೆ ಏರಿಸಿಕೊಂಡು ಒಂದೇ ಕೈಯಲ್ಲಿ ಉಪ್ಪಿಟ್ಟು ತಿರುವುತ್ತಾಳೆ. ಮೂರು ನಿಮಿಷ, ಎರಡು ನಿಮಿಷ, ನಾಲ್ಕು ನಿಮಿಷ. ಯಾವುದೂ ಹತ್ತು ಮುಟ್ಟಲಿಲ್ಲ. ಆ ಅರ್ಧ ಗಂಟೆಯ ಎದುರು ದಾಖಲಾಗುವುದು 'ಅಡುಗೆ'. ಒಂದೆರಡು ವರ್ಷದ ಮಗು 11ರಿಂದ 14 ಗಂಟೆ ಮಲಗಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎಚ್ಚರವಿರುವ ಉಳಿದ 10ರಿಂದ 13 ಗಂಟೆಯೂ ಯಾರದಾದರೂ ಒಂದು ಕಣ್ಣು ಅದರ ಮೇಲಿರಲೇಬೇಕು. ಆ ಕಣ್ಣಿನ ಕೆಲಸ ತುಂಡುತುಂಡಾಗಿ ಬೇರೆ ಕೆಲಸಗಳ ಸಂದಿಯಲ್ಲಿ ಜಾರಿ ಹೋಗುತ್ತದೆ.

ಅಷ್ಟು ಜಾರಿ ಹೋದ ಮೇಲೂ ಸಿಕ್ಕ ಅಂಕಿ ಚಿಕ್ಕದಲ್ಲ. 2024ರಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡಿದ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ, ಗಂಡಸರು 88 ನಿಮಿಷ ಕೊಟ್ಟರು. ಈ 88ನ್ನು ನೋಡಿ ಸಮಾಧಾನಪಡುವ ಹಾಗಿಲ್ಲ, ಏಕೆಂದರೆ ಅದು ಕೆಲಸಕ್ಕೆ ಕೈಹಾಕಿದ ಗಂಡಸರ ಸರಾಸರಿ ಮಾತ್ರ. ಹಾಗೆ ಕೈಹಾಕಿದವರು ಶೇ 27.1, ಹೆಂಗಸರಲ್ಲಿ ಶೇ 81.5. ಎಲ್ಲರಿಗೂ ಹಂಚಿದರೆ ಹೆಣ್ಣಿಗೆ ಸುಮಾರು 236 ನಿಮಿಷ, ಗಂಡಿಗೆ 24. ಮನೆಯವರ ಆರೈಕೆಯಲ್ಲಿ, 15ರಿಂದ 59 ವರ್ಷದವರ ಪೈಕಿ, ಶೇ 41 ಹೆಂಗಸರು 140 ನಿಮಿಷ, ಶೇ 21.4 ಗಂಡಸರು 74 ನಿಮಿಷ. 2019ಕ್ಕೆ ಹೋಲಿಸಿದರೆ ಮನೆಗೆಲಸದಲ್ಲಿ ಹೆಂಗಸರದು 299ರಿಂದ 10 ನಿಮಿಷ ಇಳಿದಿದೆ. ಆ ಹತ್ತನ್ನು ಗಂಡಸರು ಹೊತ್ತರೇ ಎಂದು ನೋಡಿದರೆ ಅವರದೂ 97ರಿಂದ 88ಕ್ಕೆ ಇಳಿದಿದೆ. ಐದು ವರ್ಷಕ್ಕೆ ಹತ್ತು ನಿಮಿಷದ ಈ ವೇಗದಲ್ಲಿ 289 ಇಳಿದು 88ಕ್ಕೆ ಬರಬೇಕಾದರೆ ನೂರು ವರ್ಷ ಬೇಕು. ಇಂದು ಹೆಗಲ ಮೇಲಿರುವ ಹೆಣ್ಣುಕೂಸಿನ ಮೊಮ್ಮಗಳಿಗೂ ಅದು ಸಿಗುವುದು ಅನುಮಾನ.

ರಾಜ್ಯ ಸರ್ಕಾರ ಮನೆಯ ಯಜಮಾನಿಗೆ ತಿಂಗಳಿಗೆ ಕೊಡುವ ಗೃಹಲಕ್ಷ್ಮಿಯ 2,000 ರೂಪಾಯಿ ಕೂಲಿಯಲ್ಲ, ಹಾಗೆಂದು ಸರ್ಕಾರ ಹೇಳಿಯೂ ಇಲ್ಲ. ಅದು ಬಂದ ಮೇಲೆ ಮಗುವಿನ ಔಷಧಿಗೆ ಗಂಡನ ಮುಂದೆ ಕೈಚಾಚದ ತಾಯಂದಿರು ಎಷ್ಟೋ ಮಂದಿ. ನನ್ನ ಮಟ್ಟಿಗೆ ಅಷ್ಟೇ ಸಾಕು ಆ ಯೋಜನೆಯನ್ನು ಒಪ್ಪಲು. ಆದರೂ ದಿನಕ್ಕೆ 289 ನಿಮಿಷದಂತೆ ತಿಂಗಳಿಗೆ 144 ಗಂಟೆ 30 ನಿಮಿಷ. ಆ 2,000ವನ್ನು ಹಂಚಿದರೆ ಗಂಟೆಗೆ 13 ರೂಪಾಯಿ 84 ಪೈಸೆ. ಉದ್ಯೋಗ ಖಾತರಿಯ ದರದಲ್ಲಾದರೆ 6,683 ರೂಪಾಯಿ ಆಗಬೇಕಿತ್ತು, ಅದೂ ಆರೈಕೆಯ ನಿಮಿಷಗಳನ್ನು ಸೇರಿಸದೆ.

ಈ ಹೊರೆಯನ್ನು ನಿಜವಾಗಿ ಇಳಿಸುವ ಜಾಗ ನಮ್ಮಲ್ಲಿ ಐವತ್ತು ವರ್ಷದಿಂದ ಇದೆ, ಅದು ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ತಿ. ನರಸೀಪುರ. ಅಂಗನವಾಡಿಯಲ್ಲಿ ಮಗುವಿಗೆ ಸಿಗಬೇಕಾದ ಪೂರಕ ಆಹಾರ ದಿನಕ್ಕೆ 500 ಕ್ಯಾಲೊರಿ, ಅಂದರೆ ನಾಲ್ಕರಿಂದ ಆರು ವರ್ಷದ ಮಗುವಿನ 1,360 ಕ್ಯಾಲೊರಿಯಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು. ಅದಕ್ಕೆ 2017ರಲ್ಲಿ ಕೇಂದ್ರ ನಿಗದಿ ಮಾಡಿದ ದರ ಮಗುವಿಗೆ 8 ರೂಪಾಯಿ. 46 ರೂಪಾಯಿಯ ನೀಲಿ ಪ್ಯಾಕೆಟ್ಟಿನಲ್ಲಿ ಆ ದುಡ್ಡಿಗೆ 174 ಮಿ.ಲೀ. ಹಾಲು ಬರುತ್ತದೆ. ನಮ್ಮ ರಾಜ್ಯ ಕ್ಷೀರಭಾಗ್ಯದಲ್ಲಿ 150 ಮಿ.ಲೀ. ಹಾಲನ್ನು ಬೇರೆ ಕೊಡುತ್ತಿರುವುದರಿಂದ ಇಲ್ಲಿನ ಮಕ್ಕಳು ಬಚಾವು. ಅಂಗನವಾಡಿಯಲ್ಲಿ ಮಗು ಆರು ಗಂಟೆ ಸುರಕ್ಷಿತವಾಗಿ ಕೂತರೆ ತಾಯಿಗೆ ಸಿಗುವ ಬಿಡುವು ದಿನಕ್ಕೆ 277 ರೂಪಾಯಿಯದು, ಊಟದ ದರದ 34 ಪಟ್ಟಿಗೂ ಹೆಚ್ಚು. ಆ ಗಂಟೆಗಳನ್ನು ಸಂಜೆ ಐದೂವರೆಗೆ ಚಾಚುವುದರ ಮೇಲೆ ಹಾಕುವ ದುಡ್ಡು ನೇರವಾಗಿ ತಾಯಂದಿರ ಕೈಗೆ ಹೊತ್ತಾಗಿ ಸೇರುತ್ತದೆ.

ತಂದೆಯಂದಿರ ಲೆಕ್ಕವನ್ನು ಕಾನೂನೇ ಕಡಿಮೆ ಬರೆದಿದೆ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ತಾಯಿಗೆ 26 ವಾರ, ಅಂದರೆ 182 ದಿನ ರಜೆ ಕೊಟ್ಟಿತು. ಕೇಂದ್ರ ಸರ್ಕಾರಿ ನೌಕರನಾದ ತಂದೆಗೆ 15 ದಿನ. ಖಾಸಗಿಯವರಿಗೆ ಅಷ್ಟನ್ನೂ ಕಡ್ಡಾಯ ಮಾಡಿದ ಕಾಯ್ದೆ ಇಲ್ಲ. ರಾಗಿ ಸರಿಯ ಆ 29 ಗಂಟೆ 40 ನಿಮಿಷದಲ್ಲಿ ಗಿರಣಿಗೆ ಹೋಗಿಬರುವ ಮುಕ್ಕಾಲು ಗಂಟೆ ಮಾತ್ರ ಅಪ್ಪನದಾಗುವುದಕ್ಕೆ ಇದೂ ಒಂದು ಕಾರಣ. ತಿನ್ನಿಸುವ ಅರ್ಧ ಪಾಲನ್ನು ಅವನು ಹೊತ್ತರೆ ಒಂದು ಕೆ.ಜಿ. ರಾಗಿಗೆ ಅವಳ ಎಂಟು ಗಂಟೆ 20 ನಿಮಿಷ ಉಳಿಯುತ್ತದೆ, ಒಂದು ಪೂರ್ತಿ ಕೂಲಿ ದಿನ.

ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಪೂರಾ ಕೂಲಿಯನ್ನು ಕಾನೂನಿನಲ್ಲಿ ಬರೆದದ್ದೂ ಇದೆ. 2005ರ ಉದ್ಯೋಗ ಖಾತರಿ ಕಾಯ್ದೆಯ ಎರಡನೇ ಅನುಸೂಚಿ, ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದೋ ಹೆಚ್ಚೋ ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಬೇಕು, ಅವಳಿಗೂ ಕೂಲಿ ಕೊಡಬೇಕು ಎಂದಿತು. ಮಣ್ಣು ಹೊರುವವಳಿಗೆ 370 ಆದರೆ, ಮರದ ನೆರಳಿನಲ್ಲಿ ಐದು ಕೂಸುಗಳ ಮೂಗು ಒರೆಸುವವಳಿಗೂ 370.